ಮರಳಿನ ಅಚ್ಚಿನ ಒಂದು ಮೂಲೆ

ಇದನ್ನು ನಾನು ಬೇರೆ ಬೇರೆಯವರ ಮುಂದೆ ಮೂರು ತರಹ ಹೇಳಿದ್ದೇನೆ. ಒಂದರಲ್ಲಿ ಅಪ್ಪ ನಗುತ್ತಾನೆ. ಆ ನಗು ನಾನು ಆಮೇಲೆ ಸೇರಿಸಿದ್ದು. ಇಲ್ಲಿ ತೆಗೆದುಹಾಕಿದ್ದೇನೆ.

ಇಸವಿ ಎರಡು ಸಾವಿರದ ಆಸುಪಾಸು, ಕಲಾ ಕಾಲೇಜಿನಲ್ಲಿ ನನ್ನ ಎಂ.ಎಫ್.ಎ.ಯ ಕೊನೆಯ ವರ್ಷ. ಖಾನಾಪುರದಲ್ಲಿ ಮುಚ್ಚಿಹೋಗಿದ್ದ ಹಂಚಿನ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ನಾವು ಆರು ಜನ ವಿದ್ಯಾರ್ಥಿಗಳ ಪ್ರದರ್ಶನವಿತ್ತು. ಯಾವ ಕೆಲಸ ಎಲ್ಲಿರಬೇಕು, ಪಕ್ಕದಲ್ಲಿ ಏನು ಬರೆದು ಹಚ್ಚಬೇಕು ಎಂದು ತೀರ್ಮಾನಿಸುವವರು ಕಲಾ ಇತಿಹಾಸ ಓದುತ್ತಿದ್ದ ಇಬ್ಬರು. ಕ್ಯುರೇಟರ್ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದೇ ಅವರ ಬಾಯಲ್ಲಿ. ನನ್ನ ಕೆಲಸ ಅವರಲ್ಲಿ ಮೈಸೂರಿನ ಹುಡುಗಿಯ ಪಾಲಿಗೆ ಬಂದಿತ್ತು.

ಅಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಕರಗಿದ ಕಬ್ಬಿಣ ಹೊಯ್ಯುವ ಮರಳಿನ ಅಚ್ಚು ಕಟ್ಟುತ್ತಿದ್ದ. ಅವನ ಹಳೆಯ ಡಬ್ಬಿ, ಚಪ್ಪಲಿ, ಟೊಪ್ಪಿಗೆಗಳನ್ನು ಅದೇ ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಖಾಲಿ ಗುಳಿಗಳನ್ನು ತೋರಿಸುವುದು ನನ್ನ ವಿಚಾರ. ಮರಳು, ಅದನ್ನು ತುಂಬುವ ಪೆಟ್ಟಿಗೆ ಎರಡನ್ನೂ ಅವನೇ ಸಾಹೇಬರನ್ನು ಕೇಳಿ ತಂದುಕೊಟ್ಟ. ಯಾತಕ್ಕೆ ಎಂದು ಕೇಳಲಿಲ್ಲ. ಅವನದು ಮಧ್ಯಾಹ್ನ ಶುರುವಾಗುವ ಎರಡನೇ ಪಾಳಿ, ನಾನು ಮುಂಜಾನೆಯೇ ಕಾಲೇಜಿಗೆ. ಅವ್ವ ಹೋದ ಮೇಲೆ ಅನಗೋಳದ ಆ ಒಂದು ಕೋಣೆಯಲ್ಲಿ ನಾವಿಬ್ಬರೇ. ಇನ್ನೊಬ್ಬ ಉಂಡಿದ್ದಾನೋ ಇಲ್ಲವೋ ಎಂಬುದು ಮುಚ್ಚಿಟ್ಟ ತಾಟು ನೋಡಿದರೆ ತಿಳಿಯುತ್ತಿತ್ತು.

ಟೆಂಪೊದಲ್ಲಿ ಒಯ್ಯುವಾಗ ಮೂರೂ ಅಚ್ಚುಗಳ ಅಂಚು ಒಡೆದವು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಮೈಸೂರಿನ ಹುಡುಗಿಗೆ ಮಾತ್ರ ಬಹಳ ಖುಷಿಯಾಯಿತು. ಈ ಬಿರುಕುಗಳಲ್ಲಿ ಕಾರ್ಮಿಕನ ಬದುಕು ಬಾಯಿಬಿಟ್ಟಿದೆ ಎಂದು ಕಾರ್ಡು ಬರೆದಳು. ಎರಡು ಸಲ ಓದಿದ ಮೇಲೆ, ಬೇಕೆಂದೇ ಒಡೆದದ್ದು ಎಂದು ನನಗೂ ಅನ್ನಿಸತೊಡಗಿತು. ಉಳಿದವರು ಗುಂಪಾಗಿ ಉಣ್ಣುವಾಗ ನಾನು ಆರಿಹೋದ ಭಟ್ಟಿಯ ಹತ್ತಿರ ಕೂತು, ಆ ಸಾಲನ್ನು ಬಾಯಿಪಾಠ ಮಾಡಿಕೊಂಡೆ.

ಪ್ರದರ್ಶನದ ದಿನ ಮುಂಜಾನೆ ನಾನು ಬಸ್ಸಿಳಿದು ಹೋದಾಗ ಆಕೆ ಬಾಗಿಲಲ್ಲೇ ನಿಂತಿದ್ದಳು. ಯಾರೋ ಒಳಗೆ ಬಂದು ಕೆಲಸ ಮುಟ್ಟಿದ್ದಾರೆ ಎಂದಳು. ನೋಡಿದೆ. ಒಂದು ಬಿರುಕೂ ಇರಲಿಲ್ಲ. ನೀರು ಚಿಮುಕಿಸಿ, ಕರಣಿಯಿಂದ ತೀಡಿದ ಅಂಚುಗಳು ಇನ್ನೂ ಹಸಿಯಾಗಿದ್ದವು. ಪ್ರತಿ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಹೆಬ್ಬೆರಳು ಒತ್ತಿದ ಗುರುತಿತ್ತು. ಯಾರ ಅಚ್ಚು ಎಂದು ತಿಳಿಯಲಿ ಅಂತ ಫೌಂಡ್ರಿಯಲ್ಲಿ ಅಪ್ಪ ಹಾಗೆ ಒತ್ತುತ್ತಿದ್ದ.

ಅಪ್ಪನಿಗೆ ಜಾಗ, ದಿನ ಹೇಳಿದ್ದೆ. ಬಾ ಎಂದಿರಲಿಲ್ಲ. ಪಾಳಿಗೆ ಮೊದಲು ನೋಡಿ ಹೋಗಲು, ನಾನು ಏಳುವ ಮುಂಚೆಯೇ ಹೊರಟು ಮೊದಲ ಬಸ್ಸಿಗೇ ಬಂದಿದ್ದ. ಹಬ್ಬಕ್ಕೆ ಹಾಕುವ ಅಂಗಿ ತೊಟ್ಟು, ಶೆಡ್ಡಿನ ಹಿಂದಿನ ಹಂಚಿನ ರಾಶಿಯ ಮೇಲೆ ಕೂತಿದ್ದ. ನಾವು ಹೊರಗೆ ಬಂದದ್ದು ನೋಡಿ ಎದ್ದು ನಿಂತ.

"ಅಚ್ಚಿನ ತುಟಿ ಒಡದಿದ್ವು," ಎಂದ. "ಹಂಗ ಹೊಯ್ದ್ರ ಎರಕ ಕೆಡ್ತೈತಿ. ಸರಿ ಮಾಡೇನಿ."

ಆಕೆ ನನ್ನ ಕಡೆ ತಿರುಗಿದಳು. "ಇವರು ನಿಮಗೆ ಗೊತ್ತಾ?"

"ಫೌಂಡ್ರಿಯವರು," ಎಂದೆ.

ಅಪ್ಪ ಕರಣಿಯನ್ನು ಪಾಳಿಗೆ ಒಯ್ಯುವ ಚೀಲದಲ್ಲಿ ಹಾಕಿಕೊಂಡ.

"ಹೌದ್ರಿ," ಎಂದ ಆಕೆಗೆ. "ಫೌಂಡ್ರಿಯವ್ನ."

ಮಧ್ಯಾಹ್ನದ ಪಾಳಿಗೆ ಆಗಲೇ ಹೊತ್ತಾಯಿತು ಎಂದು ಅವಳಿಗೆ ಕೈಮುಗಿದು, ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಾನು ಹೇಳಿದ ಮೂರು ತರಹಗಳಲ್ಲಿ ಒಂದರಲ್ಲಿ ಅವನ ಹಿಂದೆ ಓಡುತ್ತೇನೆ. ಓಡಿರಲಿಲ್ಲ. ಜನ ಬರುವುದರೊಳಗೆ ಬಿರುಕು ಬೇಕಿತ್ತು, ಕಾರ್ಡು ಆಗಲೇ ಗೋಡೆಯ ಮೇಲಿತ್ತು. ಮೊಳೆ ಹಿಡಿದು ಕೂತೆ. ತಾನಾಗಿ ಒಡೆದಂತೆ ಒಡೆಯುವುದು ಕಷ್ಟದ ಕೆಲಸ. ಆಕೆ ಮೇಲಿಂದ, ಅಲ್ಲಿ ಇನ್ನೂ ಸ್ವಲ್ಪ ಎಂದು ತೋರಿಸುತ್ತಿದ್ದಳು. ಡಬ್ಬಿಯ ಅಚ್ಚಿನ ಹೆಬ್ಬೆರಳಿನ ಮೂಲೆಗೆ ಬಂದಾಗ ಮೊಳೆ ಕೆಳಗಿಟ್ಟೆ. ಅದೊಂದನ್ನು ಬಿಟ್ಟೆ. ಬಂದವರು ಕಾರ್ಡು ಓದಿ ತಲೆಯಾಡಿಸಿದರು. ಮೂಲೆಯನ್ನು ಯಾರೂ ನೋಡಲಿಲ್ಲ.

ಆ ಐತವಾರ ಅಂಗಳದಲ್ಲಿ ಅದೇ ಅಂಗಿ ಒಣಹಾಕುತ್ತ ಅಪ್ಪ ಕೇಳಿದ:

"ಮತ್ತ ಒಡದಿ ಏನು?"

"ಹೂಂ."

ಅವನು ಅಂಗಿಯ ತೋಳು ಜಗ್ಗಿ ಸರಿಮಾಡಿದ. ಒಂದು ಮೂಲಿ ಬಿಟ್ಟೇನಿ ಎನ್ನಬೇಕಾಗಿತ್ತು. ಹಾಗೆ ಅಂದೆ ಎಂದು ಹಿಂದೆ ಬೇರೊಂದು ಕಡೆ ಬರೆದಿದ್ದೇನೆ. ಅಂದಿರಲಿಲ್ಲ.