ಕುಂಕುಮದ ಗೆರೆ

ಅಂದು ಹಸು ಕರೆದೆ, ಡೇರಿಗೆ ಹಾಲು ಹಾಕಿದೆ, ಬಾಬುರಾಯನಕೊಪ್ಪಲಿನ ವರ್ಕ್‌ಶಾಪಿನಲ್ಲಿ ಬೈಸಿಕೊಂಡೆ. ನಾನು ನಡೆಸುವ ಸಿಎನ್‌ಸಿ ಮಿಷಿನ್ನು ಕಬ್ಬಿಣದಲ್ಲಿ ಕೊರೆದ ತೂತುಗಳು ವಾರದಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತಿದ್ದವು. "ಅಳತೆ ಕೂರ್ಸಕ್ಕೆ ಬರ್ದಿದ್ರೆ ನಾಳೆಯಿಂದ ಬರ್ಬ್ಯಾಡ ಕಣಯ್ಯ" ಎಂದರು ಮಾಲೀಕರು.

ಮಿಷಿನ್ನು ನೋಡಲು ನಾಗಮಂಗಲದಿಂದ ಬಂದ ಮೆಕ್ಯಾನಿಕ್ಕು ಚಪ್ಪಲಿ ಬಿಟ್ಟೇ ಮಿಷಿನ್ನು ಮುಟ್ಟುವವರು. "ಮೊದ್ಲು ಕಬ್ಣ ನೋಡಿ, ಆಮ್ಯಾಕೆ ಮನ್ಸನ್ನ ಬಯ್ರಿ" ಎನ್ನುವುದು ಅವರ ವಾಡಿಕೆ. ದೇವರ ಪಟದ ಮುಂದಿನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಮೋಟಾರಿನ ಶಾಫ್ಟಿನಿಂದ ಅದನ್ನು ಕಚ್ಚಿಹಿಡಿದ ಕಪ್ಲಿಂಗಿನವರೆಗೆ ಒಂದೇ ಗೆರೆ ಎಳೆದು, ಮಿಷಿನ್ನು ಓಡಿಸಿದರು. ನಿಲ್ಲಿಸಿದಾಗ ಗೆರೆ ಎರಡು ತುಂಡಾಗಿ, ಒಂದು ತುಂಡು ಪಕ್ಕಕ್ಕೆ ಸರಿದಿತ್ತು.

"ನೋಡಿ ಸ್ವಾಮಿ, ಬೋಲ್ಟ್ ಸಡ್ಲ, ಜಾರ್ತಾ ಅದೆ! ಇವರ್ನ ಯಾಕ್ ಬಯ್ದ್ರಿ?" ಎಂದು ಗುಡುಗಿದರು.

"ಆಯ್ತು, ಬಿಗಿ ಮಾಡಯ್ಯ" ಎಂದರು ಮಾಲೀಕರು.

"ತಪ್ಪಾಯ್ತು ಅನ್ನಿ ಮೊದ್ಲು" ಎಂದು ಮೆಕ್ಯಾನಿಕ್ಕು ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡರು.

ಮಾಲೀಕರು ನನ್ನ ಮುಖ ನೋಡದೆ "ತಪ್ಪಾಯ್ತು" ಅಂದರು. ಆಮೇಲೆಯೇ ಮೆಕ್ಯಾನಿಕ್ಕು ಬೋಲ್ಟ್ ಬಿಗಿ ಮಾಡಿದರು.

ಮನೆಯಲ್ಲಿ ಮುದ್ದೆ, ಹುರುಳಿಕಾಳು ಸಾರು ಉಂಡೆವು. ವಾರದಿಂದ ನಿದ್ದೆಗೆಟ್ಟಿದ್ದ ನಾನೇ ಮೊದಲು ಮಲಗಿದೆ.