ಬೂಟಿನಡಿಯ ಬಿಸಿನೀರು

ಎಪ್ಪತ್ತರ ದಶಕದ ನಡುವಿನ ಒಂದು ಮಾರ್ಚ್. ಗುರುವಾರ ಬೆಳಿಗ್ಗೆ ಏಳು ಹತ್ತಕ್ಕೆ ಚಿತ್ರದುರ್ಗ ಬಿಟ್ಟೆವೆಂದು ನನ್ನ ದಿನಚರಿಯಲ್ಲಿದೆ. ನಾನು ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ಹೊಸ ನೌಕರ. ತೊಡೆಯ ಮೇಲೆ ಐಸ್ ಪೆಟ್ಟಿಗೆ, ಅದರಲ್ಲಿ ನೂರೈವತ್ತು ಕುರಿಗಳಿಗಾಗುವಷ್ಟು ಸಿಡುಬಿನ ಲಸಿಕೆ. ಹೊಸದುರ್ಗದ ಆಚೆ ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದ ಕುರಿಗಾಹಿ ಆ ದಿನವಷ್ಟೇ ಅಲ್ಲಿರುತ್ತಿದ್ದ. ಮರುದಿನ ಇನ್ನೊಂದು ಹೊಲಕ್ಕೆ ಬರುವುದಾಗಿ ಮಾತು ಕೊಟ್ಟಿದ್ದ. ಆ ಹೊಲದ ಪಕ್ಕದ ಮಂದೆಗೆ ಆಗಲೇ ಸಿಡುಬು ಬಿದ್ದಿತ್ತು.

ನಮ್ಮ ವ್ಯಾನು ಯಾವುದೋ ಚಳಿದೇಶದಿಂದ ಕೊಡುಗೆಯಾಗಿ ಬಂದ ಹಳೆಯ ಗಾಡಿ. ಐದಾರು ಮೈಲಿ ಹೋಗುವಷ್ಟರಲ್ಲಿ ನನ್ನ ಕಾಲಡಿ ನೀರು ನಿಂತಿತು.

"ನಿಮ್ಮ ಪೆಟ್ಟಿಗೆ ಸೋರ್ತೈತೆ ಸಾಹೇಬ್ರೆ," ಎಂದ ಚಾಲಕ. "ಐಸ್ ತಂದೀರೋ, ಬಾವಿ ತಂದೀರೋ?"

ನನಗೂ ಹಾಗೇ ಅನ್ನಿಸಿತು. ಬೂಟು ಹಾಕಿದ್ದರಿಂದ ನೀರಿನ ಬಿಸಿ ತಿಳಿಯಲಿಲ್ಲ. ಮುಚ್ಚಳ ತೆಗೆದು, ಐಸನ್ನು ಸರಿಸಿ, ತಳ ನೋಡಿ, ಮರದ ಹೊಟ್ಟು ಒತ್ತಿ ಮುಚ್ಚಿದೆ. ಹೊಳಲ್ಕೆರೆ ತಲುಪುವ ಮುನ್ನ ನಾಲ್ಕು ಸಲ ಹೀಗೆ ಮಾಡಿದೆ. ನಾಲ್ಕನ್ನೂ ಗಂಟೆ ಸಮೇತ ಬರೆದುಕೊಂಡಿದ್ದೇನೆ.

ಊರ ಹತ್ತಿರ ಬಾನೆಟ್ಟಿನಿಂದ ಹಬೆ ಎದ್ದಿತು. ಮೆಕ್ಯಾನಿಕ್ ಬಂದು ರೇಡಿಯೇಟರ್ ತೂತಾಗಿದೆಯೆಂದು ಎರಡು ಹಿಡಿ ಅರಿಶಿನ ಪುಡಿ ಸುರಿದ. ಸಣ್ಣ ತೂತು ಮುಚ್ಚಲು ಅಲ್ಲಿ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಹನ್ನೊಂದರ ಹೊತ್ತಿಗೆ ರೇಡಿಯೇಟರ್ ಐದು ಬಿಂದಿಗೆ ನೀರು ಕುಡಿದಿತ್ತು. ಗಾಡಿಯ ಕೆಳಗಿನ ನೆಲ ಮಾತ್ರ ಒಣಗಿಯೇ ಇತ್ತು.

ಒದ್ದೆ ಬೂಟು ಬಿಚ್ಚಿ ವ್ಯಾನಿನೊಳಗೆ ಕಾಲಿಟ್ಟವನು ತಟ್ಟನೆ ಹಿಂತೆಗೆದೆ. ನೀರು ಸುಡುತ್ತಿತ್ತು, ಹಳದಿಯಾಗಿತ್ತು.

ಮೆಕ್ಯಾನಿಕ್ ಚಾಪೆ ಎತ್ತಿ, ಎಂಜಿನ್ನಿನಿಂದ ಒಳಬಂದ ಎರಡು ರಬ್ಬರ್ ಪೈಪುಗಳ ಜಾಡು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಅಲ್ಲಿ ಇನ್ನೊಂದು ಪುಟ್ಟ ರೇಡಿಯೇಟರ್ ಇತ್ತು. ಎಂಜಿನ್ನಿನ ಬಿಸಿನೀರು ಅದರಲ್ಲಿ ಹರಿಯುವುದು, ಚಳಿದೇಶದಲ್ಲಿ ಕೂತವರ ಕಾಲು ಬೆಚ್ಚಗಿಡಲಂತೆ.

"ಲೇ, ಈ ದುರ್ಗದ ಬಿಸಿಲು ಸಾಲ್ದು ಅಂತ ಒಲೆ ಬೇರೆ ಇಟ್ಕಂಡು ತಿರುಗ್ತೀಯೇನಲೇ?" ಎಂದು ಚಾಲಕನನ್ನು ಕೇಳಿದ.

"ನನಗೇನು ಗೊತ್ತಪ್ಪ, ಕೊಟ್ಟೋರು ಹೇಳಿಲ್ಲ."

ಅದರ ಮೂಲೆ ತುಕ್ಕು ತಿಂದಿತ್ತು. ಬೆಸುಗೆ ಇಟ್ಟರೆ ಪಕ್ಕದಲ್ಲಿ ಹೊಸ ತೂತು. ಬದಲಿ ಎಲ್ಲೂ ಸಿಗುವಂಥದ್ದಲ್ಲ. ಕೊನೆಗೆ ಅದನ್ನು ಕಿತ್ತು, ಆ ಜಾಗಕ್ಕೆ ಒಂದು ತುಂಡು ಕಬ್ಬಿಣದ ಕೊಳವೆ ಹಾಕಿ, ಎರಡೂ ಪೈಪು ಅದಕ್ಕೆ ಬಿಗಿದ. ಎರಡು ಇಪ್ಪತ್ತಕ್ಕೆ ಹೊರಟೆವು. ಒಂದು ಹನಿಯೂ ಸೋರಲಿಲ್ಲ.

ಹೊಲದಲ್ಲಿ ಕುರಿಗಾಹಿ ಮುಳ್ಳುಬೇಲಿಯೊಳಗೆ ಮಂದೆ ಕೂಡಿಹಾಕಿ ಕಾಯುತ್ತಿದ್ದ. ಅವನ ತಾಯಿ ಮೊದಲ ಕುರಿಯನ್ನು ತೊಡೆಸಂದಿಗೆ ಒತ್ತಿ ಹಿಡಿದಿದ್ದಳು. ನಾನು ಪೆಟ್ಟಿಗೆ ತೆರೆದೆ. ಐಸೆಲ್ಲ ನೀರಾಗಿ, ಬಾಟಲಿಗಳು ನನ್ನ ಅಂಗೈಯಷ್ಟೇ ಬೆಚ್ಚಗಿದ್ದವು. ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಮತ್ತೆ ಮತ್ತೆ ತೆರೆದವನು ನಾನು.

"ಈ ಔಷಧಿಯ ಶಕ್ತಿ ಹೋಗಿದೆ. ಹಾಕಿದರೂ ಪ್ರಯೋಜನವಿಲ್ಲ," ಎಂದೆ.

"ಬಣ್ಣ ಚೆಂದಾಗೇ ಐತಲ್ರಿ. ಹಾಕ್ರಿ," ಎಂದ ಕುರಿಗಾಹಿ.

"ಆಗಲ್ಲ. ಆ ಹೊಲದ ಪಕ್ಕ ಸಿಡುಬು ಬಿದ್ದಿದೆ. ಇನ್ನೊಂದು ದಿನ ಇಲ್ಲೇ ಇದ್ದರೆ ನಾಳೆ ತರುತ್ತೇನೆ."

"ಮಾತು ಕೊಟ್ಟೀನ್ರಿ. ಆ ಹೊಲದೋರು ಒಂದು ವಾರದಿಂದ ಕಾಯ್ತಾ ಅವ್ರೆ."

ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ. ಅವನು ಬೇಲಿಯ ಒಂದು ಕಡೆ ಮುಳ್ಳು ಸರಿಸಿದ. "ಬಿಡವ್ವ, ಔಷಧಿ ಕೆಟ್ಟೈತಂತೆ," ಎಂದ.

ಮುದುಕಿ ಕುರಿಯನ್ನು ಕೂಡಲೇ ಬಿಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.