ಎರಕದ ವೈಸ್ ಮತ್ತು ಬಿಸಿ ಬೂದಿ

ಮರುದಿನವೇ ಪ್ರಾಕ್ಟಿಕಲ್ ಪರೀಕ್ಷೆ, ನಮ್ಮ ಐಟಿಐಯಲ್ಲಿ ಕಬ್ಬಿಣದ ತುಂಡುಗಳನ್ನು ಬಿಗಿಯಾಗಿ ಹಿಡಿದಿಡುವ ವೈಸ್ ಬಿರುಕು ಬಿಟ್ಟಿತ್ತು. ಅದನ್ನು ಹೊತ್ತುಕೊಂಡು ಹೊಸನಗರದಿಂದ ರಿಪ್ಪನ್‌ಪೇಟೆಗೆ ಓಡಿದೆ. ವೆಲ್ಡಿಂಗ್ ಅಂಗಡಿಯ ಅಕ್ಕ ಅದನ್ನು ಮೊದಲು ಕೆಂಡದಲ್ಲಿ ಕಾಯಿಸಿ, ಬೆಸೆದು, ಬಿಸಿ ಬೂದಿಯಲ್ಲಿ ಹೂತಿಟ್ಟರು.

“ನೀರು ಹಾಕಿ ಬೇಗ ಆರ್ಸಿ ಅಕ್ಕಾ, ಬಸ್ಸು ಹೊರಡ್ತದೆ,” ಅಂದೆ.

“ಎರಕದ ಕಬ್ಬಿಣ ಇದು! ನೀರು ಬಿದ್ರೆ ಗಾಜಿನ ಹಾಗೆ ಸೀಳ್ತದೆ. ಸುಮ್ನೆ ಕೂತ್ಕೊಳ್ಳಿ,” ಎಂದು ಗದರಿದರು.

ಬಸ್ಸು ಹೋಯಿತು. ಸಂಜೆ ಅಕ್ಕ ಬೂದಿ ಸರಿಸಿ ಸುತ್ತಿಗೆಯಿಂದ ತಟ್ಟಿದರು. ಠಣ್! ಒಡಕು ಸದ್ದೇ ಇಲ್ಲ, ದೇವಸ್ಥಾನದ ಗಂಟೆಯಂಥ ದನಿ! ನಾನು ಎದ್ದು ನಿಂತು ಚಪ್ಪಾಳೆ ಹೊಡೆದುಬಿಟ್ಟೆ. ವರ್ಷವರ್ಷವೂ ಹುಡುಗರಿಗೆ ನಾನೇ ಬೋರ್ಡಿನ ಮೇಲೆ ಬರೆಯುವ ಪಾಠವನ್ನು ಕಣ್ಣಾರೆ ಕಂಡದ್ದು ಅವತ್ತೇ.

“ಐಟಿಐಲಿ ಎಂತ ಕೆಲ್ಸ ನಿಮ್ದು?” ಅಕ್ಕ ಕೇಳಿದರು.

“ಹೀಗೇ... ಸಾಮಾನು ರಿಪೇರಿ ಮಾಡಿಸ್ಕೊಂಡು ಬರೋದು,” ಅಂದೆ.